ರೋಧ ಜಾಸ್ತಿಯಾದರೆ ವ್ಯಾಟ್ ಏರುತ್ತಾ, ಇಳಿಯುತ್ತಾ?

ವಿದ್ಯುತ್ ಲೆಕ್ಕದ ಮೊದಲಿನ ಎರಡು ಸೂತ್ರ ಎಲ್ಲರಿಗೂ ಗೊತ್ತಿರುತ್ತೆ. ರೋಧ, ಅಂದರೆ ಕರೆಂಟಿನ ಹರಿವಿಗೆ ಇರುವ ಅಡ್ಡಿ, ಬೇಕಾದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಬೇಕು: ಆರ್ = ವಿ ÷ ಐ. ಪವರ್ ಬೇಕಾದರೆ ಎರಡನ್ನೂ ಗುಣಿಸಬೇಕು: ಪಿ = ವಿ × ಐ. 230 ವೋಲ್ಟ್ ಸಾಕೆಟ್‌ನಿಂದ ಇಸ್ತ್ರಿ ಪೆಟ್ಟಿಗೆ 3.26 ಆಂಪಿಯರ್ ಎಳೆದರೆ ರೋಧ ಸುಮಾರು 70.5 ಓಮ್, ಪವರ್ 750 ವ್ಯಾಟ್. ಇಲ್ಲಿವರೆಗೆ ಸಲೀಸು.

ಒಂದು ಪದದ ವಿಷಯ ಮಾತ್ರ ಈಗಲೇ ಸರಿಮಾಡಿಕೊಳ್ಳಿ. ಮನೆಯಲ್ಲಿ "ಕರೆಂಟ್ ಹೋಯ್ತು" ಅಂತೀವಲ್ವಾ, ಆ ಕರೆಂಟ್ ಬೇರೆ. ಲೆಕ್ಕದಲ್ಲಿ ಕರೆಂಟ್ ಅಂದರೆ ಹರಿಯುತ್ತಿರುವ ಆಂಪಿಯರ್. ಸಾಕೆಟ್‌ಗೆ ಏನೂ ಸಿಕ್ಕಿಸದೇ ಇದ್ದಾಗ ಅಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ, ಕರೆಂಟ್ ಮಾತ್ರ ಸೊನ್ನೆ.

ಈಗ ನನ್ನನ್ನು ಮೂರು ದಿನ ಕಾಡಿದ್ದು. ಪವರ್ ಸೂತ್ರದಲ್ಲಿ ವಿ ಬದಲು ಐ × ಆರ್ ಹಾಕಿದರೆ ಪಿ = ಐ × ಐ × ಆರ್ ಬರುತ್ತದೆ. ಐ ಬದಲು ವಿ ÷ ಆರ್ ಹಾಕಿದರೆ ಪಿ = ವಿ × ವಿ ÷ ಆರ್ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಬರೆದು ನೋಡಿ. ಒಂದರಲ್ಲಿ ಆರ್ ಮೇಲಿದೆ, ಇನ್ನೊಂದರಲ್ಲಿ ಕೆಳಗಿದೆ. ಹಾಗಾದರೆ ರೋಧ ಹೆಚ್ಚಾದಾಗ ಪವರ್ ಏರಬೇಕೋ, ಇಳಿಯಬೇಕೋ? ಎರಡು ಸೂತ್ರವೂ ಸರಿ. ಕೇಳಬೇಕಾದ ಪ್ರಶ್ನೆ ಬೇರೆ: ಇಲ್ಲಿ ಬದಲಾಗದೆ ನಿಂತಿರುವುದು ಯಾವುದು, ವೋಲ್ಟೇಜೋ ಕರೆಂಟೋ?

ಮನೆಯಲ್ಲಿ ನಿಂತಿರುವುದು ವೋಲ್ಟೇಜ್. ಹಾಗಾಗಿ ರೋಧ ಕಡಿಮೆಯಾದಷ್ಟೂ ವ್ಯಾಟ್ ಜಾಸ್ತಿ. ಇದನ್ನು ನಾನು ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್‌ನಲ್ಲೇ ನೋಡಿದೆ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ, ಮೀಟರನ್ನು 200 ಓಮ್‌ಗೆ ತಿರುಗಿಸಿ, ಪ್ಲಗ್ಗಿನ ಎರಡು ಚಿಕ್ಕ ಪಿನ್ನುಗಳಿಗೆ ಕಡ್ಡಿ ಮುಟ್ಟಿಸಿದೆ. ಎಡಗಡೆ ಬರೀ 1 ಅಂತ ಬಂತು, ಅಂದರೆ ದಾರಿ ಎಲ್ಲೋ ಕಡಿದಿದೆ. ನೋಡಿದರೆ ಬಿಸಿ ಹೊಂದಿಸುವ ತಿರುಗಣೆ ಆಫ್‌ನಲ್ಲಿತ್ತು! ತಿರುಗಿಸಿದ ತಕ್ಷಣ 70.2. ಆಮೇಲೆ 1500 ವ್ಯಾಟ್‌ನ ನೀರು ಕಾಯಿಸುವ ಕಾಯಿಲ್ ಹಿಡಿದೆ, 35ರ ಆಸುಪಾಸು ಬಂತು. ವ್ಯಾಟ್ ಎರಡು ಪಟ್ಟು, ಓಮ್ ಅರ್ಧ. ರೋಧ ಕಡಿಮೆ ಇದ್ದರೆ ಅದೇ 230 ವೋಲ್ಟ್‌ಗೆ ಕರೆಂಟ್ ಜಾಸ್ತಿ ಹರಿಯುತ್ತದೆ, ಹಾಗಾಗಿ ಪವರ್ ಜಾಸ್ತಿ. ಆ ಕಾಯಿಲ್ 6.5 ಆಂಪಿಯರ್ ಎಳೆಯುತ್ತದೆ, ಅದಕ್ಕೇ ಅದನ್ನು 6 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಬಾರದು. (ಪ್ಲಗ್ ಸಾಕೆಟ್‌ನಲ್ಲಿ ಇರುವಾಗ ಓಮ್ ಅಳೆಯಲು ಯಾವತ್ತೂ ಹೋಗಬೇಡಿ.)

ಸೀರೀಸ್‌ನಲ್ಲಿ ಕಥೆ ಉಲ್ಟಾ. 100 ವ್ಯಾಟ್ ಮತ್ತು 40 ವ್ಯಾಟ್‌ನ ಹಳೇ ಗಾಜಿನ ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ 230 ವೋಲ್ಟ್ ಕೊಟ್ಟರೆ, ಯಾವುದು ಪ್ರಕಾಶವಾಗಿ ಉರಿಯುತ್ತದೆ? 40 ವ್ಯಾಟ್‌ನದು. 100ರ ರೋಧ 529 ಓಮ್, 40ರದ್ದು 1322. ಎರಡರಲ್ಲೂ ಹರಿಯುವುದು ಒಂದೇ ಕರೆಂಟ್, ಸುಮಾರು 0.124 ಆಂಪಿಯರ್. ಐ × ಐ × ಆರ್ ಹಾಕಿ: 100ರಲ್ಲಿ 8 ವ್ಯಾಟ್, 40ರಲ್ಲಿ 20 ವ್ಯಾಟ್. ಇಲ್ಲಿ ನಿಂತಿರುವುದು ಕರೆಂಟ್, ಅದಕ್ಕೆ ರೋಧ ಜಾಸ್ತಿ ಇರುವ ಬಲ್ಬೇ ಗೆಲ್ಲುತ್ತದೆ. ಇದು ಬರೀ ಅಂದಾಜಿನ ಲೆಕ್ಕ, ಯಾಕೆಂದರೆ ಬಲ್ಬಿನ ತಂತಿಯ ರೋಧ ಬಿಸಿಯ ಜೊತೆ ಏರುತ್ತದೆ. ತಣ್ಣಗಿರುವಾಗ ಅದೇ 100ರ ಬಲ್ಬನ್ನು ಅಳೆದರೆ 40 ಓಮ್ ಹತ್ತಿರ ತೋರಿಸುತ್ತದೆ. ಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಇಷ್ಟು ತಿಳಿದ ಮೇಲೂ ನಾನು ಒಂದು ಕಡೆ ಸಿಕ್ಕಿಬಿದ್ದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಸಾಗಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರು, ತಂತಿಯಲ್ಲಿ ನಷ್ಟ ಕಡಿಮೆಯಾಗಲಿ ಅಂತ. ಆದರೆ ವಿ × ವಿ ÷ ಆರ್ ಪ್ರಕಾರ ವೋಲ್ಟೇಜ್ ಏರಿದರೆ ನಷ್ಟವೂ ಏರಬೇಕಲ್ವಾ? ಸುಲಭದ ಅಂಕಿ ತಗೊಳ್ಳೋಣ. 1 ಲಕ್ಷ ವ್ಯಾಟ್ ಕಳಿಸಬೇಕು, ತಂತಿಯ ರೋಧ 2 ಓಮ್. 1000 ವೋಲ್ಟ್‌ನಲ್ಲಿ ಕಳಿಸಿದರೆ 100 ಆಂಪಿಯರ್ ಹರಿಯುತ್ತದೆ, ತಂತಿಯಲ್ಲಿ 100 × 100 × 2, ಅಂದರೆ 20,000 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. 10,000 ವೋಲ್ಟ್‌ನಲ್ಲಿ ಹರಿಯುವುದು 10 ಆಂಪಿಯರ್, ನಷ್ಟ ಬರೀ 200 ವ್ಯಾಟ್. ನಾನು ಮಾಡಿದ ತಪ್ಪು ಏನೆಂದರೆ ವಿ ಜಾಗದಲ್ಲಿ 10,000 ಹಾಕಿದ್ದು. ಅದು ಇಡೀ ಲೈನಿನ ವೋಲ್ಟೇಜ್. ಅದರಲ್ಲಿ ತಂತಿಯ ಪಾಲಿಗೆ ಬೀಳುವುದು 10 × 2 = 20 ವೋಲ್ಟ್ ಮಾತ್ರ. ಈಗ 20 × 20 ÷ 2 ಮಾಡಿ, ಅದೇ 200 ಬರುತ್ತದೆ! ಯಾವ ವಸ್ತುವಿನ ಪವರ್ ಹುಡುಕುತ್ತೀರೋ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನೇ ಹಾಕಬೇಕು. ಇದನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನಲ್ಲಿ ಬರೆದುಕೊಂಡಿದ್ದೇನೆ.



ಒಂದು ಲೆಕ್ಕ ನೀವೇ ಮಾಡಿ ನೋಡಿ. ಸಂಜೆ ಊರಲ್ಲಿ ವೋಲ್ಟೇಜ್ 180ಕ್ಕೆ ಇಳಿದಿದೆ. 230 ವೋಲ್ಟ್‌ಗೆ 1000 ವ್ಯಾಟ್ ಅಂತ ಬರೆದಿರುವ ಕಾಯಿಲ್ ಈಗ ಎಷ್ಟು ವ್ಯಾಟ್ ಕೊಡುತ್ತದೆ? ರೋಧ 52.9 ಓಮ್, ಅದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. 780 ಅಂತ ಬಂದರೆ ವರ್ಗ ಮಾಡುವುದು ಮರೆತಿದ್ದೀರಿ. ಸರಿ ಉತ್ತರ 612ರ ಹತ್ತಿರ.