ಲ್ಯಾನ್ ವೈರು ಸುತ್ತಿಟ್ಟರೆ ನೆಟ್ ನಿಧಾನ ಆಗುತ್ತದಾ?

ಪ್ರಶ್ನೆ: ಮನೆಯಲ್ಲೇ ಕೂತು ಕೆಲಸ ಮಾಡುವುದು. ಮೇಜಿನ ಅಡಿಯಲ್ಲಿ ವೈರುಗಳ ಗೋಜಲು. ಎಲ್ಲ ಒಟ್ಟಿಗೆ ಕಟ್ಟುವ ಅಂದರೆ, ಮೋಡೆಮ್‌ನಿಂದ ಕಂಪ್ಯೂಟರಿಗೆ ನೆಟ್ ತರುವ ಲ್ಯಾನ್ ವೈರು ಸುತ್ತಬಾರದು, ಕರೆಂಟಿನ ವೈರಿಗೆ ತಾಗಿಸಬಾರದು, ಸ್ಪೀಡು ಹೋಗುತ್ತದೆ ಎಂದು ನೆಟ್ ಹಾಕಲು ಬಂದವರು ಹೇಳಿದ್ದಾರೆ. ಎಂತ ಮಾಡುವುದು?

ಉತ್ತರ: ಈ ಪ್ರಶ್ನೆ ನಮ್ಮ ಕಾಸರಗೋಡಿನ ಉಪ್ಪಳದಿಂದಲೂ ಬರುತ್ತದೆ, ಪೆರ್ಲದಿಂದಲೂ ಬರುತ್ತದೆ, ಮುಳ್ಳೇರಿಯದಿಂದಲೂ ಬರುತ್ತದೆ. ಈ ಸಲ ಉದ್ದಕ್ಕೆ ಬರೆದುಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಕಟ್ಟುವ ಕೆಲಸ ಸಣ್ಣದು, ಅದನ್ನು ಮೊದಲು ಮುಗಿಸುವ. ಎಲ್ಲ ಪಿನ್ನುಗಳನ್ನೂ ಕಳಚಿ ನೆಲದ ಮೇಲೆ ಹರಡಿ. ಯಾವುದಕ್ಕೂ ಸೇರದ ಒಂದೆರಡು ವೈರು ಸಿಕ್ಕೇ ಸಿಗುತ್ತವೆ. ಹಳೆ ಪ್ರಿಂಟರಿನದ್ದು, ಸತ್ತ ಮೊಬೈಲಿನ ಚಾರ್ಜರಿನದ್ದು. ಅವನ್ನು ಹೊರಗೆ ಹಾಕಿ. ಸ್ಪೈಕ್ ಬಸ್ಟರನ್ನು (ಹಲವು ಪಿನ್ನು ಒಟ್ಟಿಗೆ ಸಿಕ್ಕಿಸುವ ಪ್ಲಗ್ಗಿನ ಪಟ್ಟಿ) ನೆಲದಿಂದ ಎತ್ತಿ ಮೇಜಿನ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿ; ಹೆಚ್ಚಿನವಕ್ಕೆ ಬೆನ್ನಿನಲ್ಲಿ ಅದಕ್ಕೆಂದೇ ತೂತು ಇರುತ್ತದೆ. ಮಳೆಗಾಲದಲ್ಲಿ ನಮ್ಮ ನೆಲ ಬೆವರುವುದು ಗೊತ್ತೇ ಇದೆ, ಮೇಲಿಂದ ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇರೆ. ಅಡಾಪ್ಟರುಗಳೂ ಮೇಲೆಯೇ ಇರಲಿ. ಅಲ್ಲಿಂದ ಗೋಡೆಯ ಪ್ಲಗ್ಗಿಗೆ ಒಂದೇ ಒಂದು ವೈರು ಹೋಗಬೇಕು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಉಳಿದದ್ದನ್ನು ಮೇಜಿನ ಹಿಂದಿನ ಕಾಲಿಗೆ ಸೇರಿಸಿ ವೆಲ್ಕ್ರೋ ಪಟ್ಟಿಯಲ್ಲಿ ಕಟ್ಟಿ. ಪ್ಲಾಸ್ಟಿಕ್ ಟೈ ಬೇಡ. ಒಂದು ವೈರು ಬದಲಿಸಬೇಕಾದರೂ ಅದನ್ನು ಕತ್ತರಿಸಬೇಕು, ಕತ್ತರಿ ತಪ್ಪಿ ವೈರಿಗೇ ತಾಗುತ್ತದೆ. ವೆಲ್ಕ್ರೋ ಸಿಗದಿದ್ದರೆ ಹಳೆ ಪಂಚೆಯ ಅಂಚು ಹರಿದು ಕಟ್ಟಿದರೂ ನಡೆಯುತ್ತದೆ. ಹೊಸ ವೈರು ತೆಗೆದುಕೊಳ್ಳುವಾಗ ಆದಷ್ಟು ಗಿಡ್ಡದ್ದು ತೆಗೆದುಕೊಳ್ಳಿ. ಪೆಟ್ಟಿಗೆಯೊಳಗೆ ದಾರ ಹಾಕಿ ಉರುಳಿಸಿದರೆ ಗಂಟು ಹೇಗೆ ಬೀಳುತ್ತದೆ ಎಂದು ಅಮೆರಿಕದ ಇಬ್ಬರು ವಿಜ್ಞಾನಿಗಳು ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದರು. 46 ಸೆಂಟಿಮೀಟರಿಗಿಂತ ಗಿಡ್ಡ ದಾರದಲ್ಲಿ ಗಂಟೇ ಬಿದ್ದಿರಲಿಲ್ಲ.

ಈಗ ಆ ‘ಸ್ಪೀಡು ಹೋಗುತ್ತದೆ’ ಎಂಬ ಮಾತಿಗೆ ಬರುವ. ಹೋಗುವುದಿಲ್ಲ ಮಾರಾಯ್ರೇ.

ಕೆಟ್ಟುಹೋದ ಲ್ಯಾನ್ ವೈರು ಇದ್ದರೆ ಒಮ್ಮೆ ಸುಲಿದು ನೋಡಿ. ಒಳಗೆ ಎಂಟು ಎಳೆ, ಎರಡೆರಡನ್ನು ಹೊಸೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು, ಒಂದೊಂದಕ್ಕೂ ಬಿಳಿ ಪಟ್ಟೆಯ ಜೊತೆಗಾರ. ನಾಲ್ಕರ ಹೊಸೆತವೂ ಒಂದೇ ಹದದಲ್ಲಿ ಇಲ್ಲ, ಒಂದು ಬಿಗಿ, ಒಂದು ಸಡಿಲ. ಅದು ಚಂದಕ್ಕೆ ಮಾಡಿದ್ದಲ್ಲ. ಜೋಡಿಯ ಎರಡು ಎಳೆಗಳಲ್ಲಿ ಒಂದೇ ಸಂಕೇತ ತಿರುವುಮುರುವಾಗಿ ಹೋಗುತ್ತದೆ. ಆ ತುದಿಯ ಯಂತ್ರ ಓದುವುದು ಇವೆರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಪಕ್ಕದ ಕರೆಂಟಿನ ವೈರಿನಿಂದ ಏನಾದರೂ ಗಲಾಟೆ ಬಂದರೆ ಹೊಸೆದಿರುವ ಕಾರಣ ಎರಡಕ್ಕೂ ಸಮನಾಗಿ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಗಲಾಟೆ ವಜಾ. ಟೆಲಿಫೋನಿಗೆಂದು ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಮಾಡಿಸಿಕೊಂಡ ಉಪಾಯ ಇದು. ಸಾಲದ್ದಕ್ಕೆ ಕರೆಂಟಿನ ಕಂಪನ 50 ಹರ್ಟ್ಜ್, ಲ್ಯಾನ್ ಸಂಕೇತದ್ದು ಕೋಟಿಗಳ ಲೆಕ್ಕ. ಮೇಜಿನ ಅಡಿಯ ಎರಡು ಮೀಟರಿನಲ್ಲಿ ಇವು ಒಂದರ ಗೊಡವೆಗೆ ಒಂದು ಹೋಗುವುದಿಲ್ಲ.

‘ಸುರುಳಿ ಸುತ್ತಿದರೆ ಅಯಸ್ಕಾಂತ ಆಗುತ್ತದಲ್ಲ, ಶಾಲೆಯಲ್ಲಿ ಕಲಿತಿದ್ದೇವೆ’ ಎನ್ನುವವರಿದ್ದಾರೆ. ಕಲಿತದ್ದು ಸರಿ. ಆದರೆ ಅಲ್ಲಿ ಇದ್ದದ್ದು ಒಂದೇ ತಂತಿ. ಇಲ್ಲಿ ಹೋಗುವುದೂ ಬರುವುದೂ ಒಂದೇ ವೈರಿನೊಳಗೆ, ಒಂದರ ಕಾಂತಬಲವನ್ನು ಇನ್ನೊಂದು ಅಳಿಸುತ್ತದೆ. ಇನ್ನು ದೂರದ ಮಾತು: ತಾಮ್ರದಲ್ಲಿ ಸಂಕೇತಕ್ಕೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ಬೇಕು. ಮೂರು ಮೀಟರ್ ಹೆಚ್ಚು ಸುತ್ತಿಟ್ಟರೆ 15. ಒಂದು ಮಿಲಿಸೆಕೆಂಡಿಗೆ ಹತ್ತು ಲಕ್ಷ ನ್ಯಾನೋಸೆಕೆಂಡ್. ಲೆಕ್ಕ ನೀವೇ ಹಾಕಿ.

ಮಾತು ಹುಟ್ಟಿದ್ದು ಎಲ್ಲಿಂದ ಎಂಬುದೂ ಊಹಿಸಬಹುದು. ಸ್ಪೀಕರಿನ ವೈರು ಕರೆಂಟಿನ ವೈರಿನ ಪಕ್ಕ ಹೋದರೆ ‘ಗುಂಯ್’ ಅನ್ನುವುದು ನಿಜ. ಗೋಡೆಯೊಳಗೆ ಒಂದೇ ಪೈಪಿನಲ್ಲಿ ಎರಡನ್ನೂ ಎಳೆಯಬಾರದು ಎಂಬುದೂ ನಿಜ. ಕರೆಂಟಿನ ವೈರಿನ ಹೊದಿಕೆ ಹರಿದರೆ 230 ವೋಲ್ಟ್ ನೆಟ್ಟಗೆ ಕಂಪ್ಯೂಟರಿಗೆ ಬಂದೀತು. ಇವೆರಡನ್ನೂ ಕಲಸಿ ಯಾರೋ ಸ್ಪೀಡಿನ ಕತೆ ಕಟ್ಟಿದರು. ಇನ್ನು ಕೆಲವರು ಲ್ಯಾನ್ ವೈರು ಬಿಡಿಸಿಟ್ಟು, ವೈಫೈಯಲ್ಲಿರುವ ಮೊಬೈಲಿನಲ್ಲಿ ಸ್ಪೀಡು ನೋಡಿ, ‘ಈಗ ಸರಿಯಾಯ್ತು’ ಎನ್ನುತ್ತಾರೆ. ಅವರಿಗೆ ಹೇಳುವ ಚೈತನ್ಯ ನನ್ನಲ್ಲಿ ಉಳಿದಿಲ್ಲ.

ನಿಜಕ್ಕೂ ನಿಧಾನವಿದ್ದರೆ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ಸ್ಪೀಡು ನೋಡಿ. 1000 Mbps ಬರಬೇಕಾದಲ್ಲಿ 100 ಎಂದಿದ್ದರೆ ನಾಲ್ಕು ಜೋಡಿಯಲ್ಲಿ ಒಂದು ಕೈಕೊಟ್ಟಿರಬಹುದು. 100ಕ್ಕೆ ಎರಡೇ ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಕಡಲ ಬದಿಯ ಮನೆಗಳಲ್ಲಿ ಪಿನ್ನಿಗೆ ಕಿಲುಬು ಹಿಡಿದಿದೆಯಾ ಎಂದೂ ನೋಡಿ.

ಬಗ್ಗಿಸಲು ಹೆದರಬೇಕಾದದ್ದು ಮೋಡೆಮ್‌ಗೆ ಬರುವ ತೆಳ್ಳಗಿನ ಫೈಬರ್ ವೈರಿಗೆ. ಒಳಗಿರುವುದು ಗಾಜು. ಮಡಚಿ ಕಟ್ಟಿದರೆ ಬೆಳಕು ಸೋರಿ ಮೋಡೆಮ್‌ನಲ್ಲಿ ಕೆಂಪು ದೀಪ ಉರಿಯುತ್ತದೆ. ಅದನ್ನು ತಟ್ಟೆಯಗಲಕ್ಕೆ ಸಡಿಲವಾಗಿ ಸುತ್ತಿಡಿ. ಎಕ್ಸ್‌ಟೆನ್ಶನ್ ವೈರನ್ನು ಸುತ್ತಿಟ್ಟು ಅದಕ್ಕೆ ಇಸ್ತ್ರಿಪೆಟ್ಟಿಗೆ ಹಾಕುವುದಕ್ಕೂ ಹೆದರಿ, ಒಳಗಿನ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಕಂಪ್ಯೂಟರು ಎಳೆಯುವುದು ಒಂದೆರಡು ಆಂಪಿಯರ್, ಇಸ್ತ್ರಿಪೆಟ್ಟಿಗೆ ನಾಲ್ಕೈದು. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಒಂದು ವಿಷಯ ಇದೆ: ಸಿಡಿಲು. ತುಲಾ ಮಾಸದಲ್ಲಿ (ಅಕ್ಟೋಬರ್–ನವೆಂಬರ್) ಮಧ್ಯಾಹ್ನ ಕಳೆದ ಮೇಲೆ ಗುಡುಗು ಶುರುವಾದರೆ ಸ್ವಿಚ್ಚು ಆಫ್ ಮಾಡಿ ಕೂರುತ್ತೀರಿ. ಸಾಲದು. ಗೋಡೆಯ ಸ್ವಿಚ್ಚು ಕಡಿಯುವುದು ಕರೆಂಟು ಬರುವ ಫೇಸ್ ತಂತಿ ಒಂದನ್ನೇ. ನ್ಯೂಟ್ರಲ್, ಅರ್ತ್ ಎರಡೂ ಹಾಗೆಯೇ ಇರುತ್ತವೆ. ಆಕಾಶದಿಂದ ಇಳಿದು ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಸಣ್ಣ ಸಂದು ಒಂದು ಲೆಕ್ಕವೂ ಅಲ್ಲ. ಸ್ಪೈಕ್ ಬಸ್ಟರ್ ಸಣ್ಣಪುಟ್ಟ ಏರಿಳಿತಕ್ಕೆ ಸರಿ, ಹತ್ತಿರ ಬಿದ್ದ ಸಿಡಿಲಿಗೆ ಅಲ್ಲ. ಅದರಲ್ಲೂ ಮುರಕಲ್ಲಿನ ಗುಡ್ಡೆಯ ಮನೆಗಳಲ್ಲಿ ಅರ್ತ್ ಹೊಂಡ ಒಣಗಿದ್ದರೆ ಸ್ಪೈಕ್ ಬಸ್ಟರನ್ನು ನಂಬಲೇಬೇಡಿ. ಪಿನ್ನು ಕಿತ್ತೇ ಇಡಬೇಕು. ಗೋಡೆಗೆ ಒಂದೇ ವೈರು ಎಂದದ್ದು ಇದಕ್ಕೇ: ಗುಡುಗಿನ ನಡುವೆ ಮೇಜಿನ ಅಡಿ ನುಗ್ಗಿ ಯಾವುದು ಯಾವುದರದ್ದು ಎಂದು ಹುಡುಕಲು ಆಗುವುದಿಲ್ಲ. ಮೋಡೆಮ್‌ದೂ ಕೀಳಿ. ಫೈಬರಿನ ಗಾಜಿನಲ್ಲಿ ಸಿಡಿಲು ಬಾರದು, ಅದರ ಅಡಾಪ್ಟರಿನಲ್ಲಿ ಬರುತ್ತದೆ. ಯುಪಿಎಸ್ ಇದೆ ಎಂಬ ಧೈರ್ಯವೂ ಬೇಡ, ಅದೂ ಗೋಡೆಗೇ ಸಿಕ್ಕಿಸಿದ್ದು. ಮೊದಲ ಗುಡುಗು ಕೇಳುವಾಗಲೇ ಕೀಳಿ, ತಲೆಯ ಮೇಲೆ ಬಂದ ಮೇಲೆ ಪ್ಲಗ್ಗಿಗೆ ಕೈ ಹಾಕಬೇಡಿ.

ಲ್ಯಾಪ್‌ಟಾಪ್ ಇದ್ದವರು ಬ್ಯಾಟರಿಯಲ್ಲಿ, ಮೊಬೈಲಿನ ಹಾಟ್‌ಸ್ಪಾಟಿನಲ್ಲಿ ಕೆಲಸ ಮುಂದುವರಿಸಿ. ಡೆಸ್ಕ್‌ಟಾಪಿನವರು ಮೀಟಿಂಗಿನಲ್ಲಿ ‘ಇಲ್ಲಿ ಗುಡುಗು’ ಎಂದು ಹೇಳಿ ಏಳಿ. ಬೆಂಗಳೂರಿನವರು ನಂಬದಿದ್ದರೆ ಬಿಡಿ.