ಕಾನ್ಫರೆನ್ಸ್: ಸಮ್ಮೇಳನ ಅಲ್ಲ ಸ್ವಾಮಿ

ಮೊನ್ನೆ ಮತ್ತೆ ಕಣ್ಣಿಗೆ ಬಿತ್ತು. "ಆಗ್ನೇಯ ಸಮ್ಮೇಳನದಲ್ಲಿ ಜಾರ್ಜಿಯಾಗೆ ಗೆಲುವು." ಅಟ್ಲಾಂಟಾದಲ್ಲಿ ಓದುವ ಅಕ್ಕನ ಮಗ ಕಳಿಸಿದ್ದ ಸುದ್ದಿಯನ್ನು ಭಾವ ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರ ಕೆಳಗೆ ಚಿಕ್ಕಪ್ಪನ ಪ್ರಶ್ನೆ: "ಏನು, ಭಾಷಣ ಸ್ಪರ್ಧೆನಾ?"

ಚಿಕ್ಕಪ್ಪನದೇನೂ ತಪ್ಪಿಲ್ಲ. ಸಮ್ಮೇಳನ ಅಂದರೆ ನಮಗೆ ಪೆಂಡಾಲು, ಮೆರವಣಿಗೆ, ಮಧ್ಯಾಹ್ನದ ಊಟದ ಸಾಲು. ಅಲ್ಲಿ ಯಾರೂ ಯಾರನ್ನೂ ಸೋಲಿಸುವುದಿಲ್ಲ, ಕನಿಷ್ಠ ಬಹಿರಂಗವಾಗಿ ಸೋಲಿಸುವುದಿಲ್ಲ. ಆದರೆ ಅಮೆರಿಕದ ಕಾಲೇಜ್ ಫುಟ್‌ಬಾಲಿನಲ್ಲಿ (ನಮ್ಮ ಕಾಲ್ಚೆಂಡಲ್ಲ, ಚೆಂಡು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ) ಕಾನ್ಫರೆನ್ಸ್ ಅಂದರೆ ವಿಶ್ವವಿದ್ಯಾಲಯಗಳ ಕಾಯಂ ಬಳಗ. ಪ್ರತಿ ವರ್ಷ ತಮ್ಮತಮ್ಮಲ್ಲೇ ಆಡಿ ತಮ್ಮದೇ ಚಾಂಪಿಯನ್ ಆರಿಸಿಕೊಳ್ಳುತ್ತದೆ, ಟಿವಿ ದುಡ್ಡನ್ನು ಹಂಚಿಕೊಳ್ಳುತ್ತದೆ. ಸಂಜೆ ಮುಗಿದು ಪೆಂಡಾಲು ಬಿಚ್ಚುವ ಬಾಬತ್ತಲ್ಲ ಅದು.

ತಮಾಷೆ ಏನೆಂದರೆ, ಈ ಪದ ಹುಟ್ಟಿದ್ದು ಮಾತ್ರ ನಿಜವಾದ ಸಭೆಯಿಂದಲೇ. 1895ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಸ್ಮಾರ್ಟ್ ಶಿಕಾಗೋದ ಪಾಮರ್ ಹೌಸ್ ಹೋಟೆಲಿನಲ್ಲಿ ಅಕ್ಕಪಕ್ಕದ ವಿಶ್ವವಿದ್ಯಾಲಯಗಳ ಅಧ್ಯಕ್ಷರನ್ನು ಸೇರಿಸಿದರು. ಕಾಲೇಜು ತಂಡದಲ್ಲಿ ಆಡುವವನು ನಿಜವಾಗಿ ಆ ಕಾಲೇಜಿನ ವಿದ್ಯಾರ್ಥಿಯೇ ಆಗಿರಬೇಕು ಎಂಬುದು ದೊಡ್ಡ ಚರ್ಚೆ. ಅಂದರೆ ಆಗ ಯಾರ್‍ಯಾರೋ ಬಂದು ಆಡಿ ಹೋಗುತ್ತಿದ್ದರು. ಮುಂದಿನ ವರ್ಷ, 1896ರಲ್ಲಿ, ಏಳು ವಿಶ್ವವಿದ್ಯಾಲಯಗಳ ಅಧ್ಯಾಪಕರು ಕೂತು ಒಂದು ಸಂಸ್ಥೆ ಕಟ್ಟಿದರು. ಅದರ ಹೆಸರು ಇಂಟರ್‌ಕಾಲೇಜಿಯೇಟ್ ಕಾನ್ಫರೆನ್ಸ್ ಆಫ್ ಫ್ಯಾಕಲ್ಟಿ ರೆಪ್ರೆಸೆಂಟೇಟಿವ್ಸ್. ಅಧ್ಯಾಪಕ ಪ್ರತಿನಿಧಿಗಳ ಸಭೆ, ಅಷ್ಟೇ. ಇಷ್ಟುದ್ದದ ಹೆಸರನ್ನು ಯಾರು ಬಳಸುತ್ತಾರೆ? ಜನ ವೆಸ್ಟರ್ನ್ ಕಾನ್ಫರೆನ್ಸ್ ಅಂದರು, ಆಮೇಲೆ ಬಿಗ್ ಟೆನ್ ಅಂದರು. ಸಭೆ ಎದ್ದು ಹೋಯಿತು, ಕಾನ್ಫರೆನ್ಸ್ ಅನ್ನುವ ಪದ ಮಾತ್ರ ಆ ಬಳಗದ ಮೇಲೆ ಕೂತೇಬಿಟ್ಟಿತು.

ಇದೇನು ನಮಗೆ ಹೊಸದಾ? ನಗರಸಭೆ ಅನ್ನುತ್ತೇವೆ. "ನಗರಸಭೆ ಮೂರು ದಿನದಿಂದ ನೀರು ಬಿಟ್ಟಿಲ್ಲ" ಅಂದಾಗ ಯಾವುದೋ ಮೀಟಿಂಗು ನೀರು ಬಿಟ್ಟಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಸಮ್ಮೇಳನದ ಒಳಗೇ ಇರುವ ಮೇಳವನ್ನೇ ನೋಡಿ. ಮೂಲದಲ್ಲಿ ಅದು ಕೂಡುವುದು, ಸೇರುವುದು. ಘಟ್ಟದ ಮೇಲೆ ಕೃಷಿ ಮೇಳ ಅಂದರೆ ಜನ ಸೇರುವ ಜಾಗ. ಘಟ್ಟ ಇಳಿದರೆ ಕಟೀಲು ಮೇಳ, ಧರ್ಮಸ್ಥಳ ಮೇಳ ಅಂದರೆ ವರ್ಷವರ್ಷ ತಿರುಗಾಟಕ್ಕೆ ಹೊರಡುವ ಯಕ್ಷಗಾನ ತಂಡ. ಸೇರುವ ಕೆಲಸದ ಹೆಸರು ಸೇರಿದವರ ಹೆಸರಾಯಿತು. ಇಂಗ್ಲಿಷಿನ ಪದವೂ ಇದೇ ದಾರಿ ಹಿಡಿದಿದೆ. ಲ್ಯಾಟಿನ್ನಿನ ಬೇರಲ್ಲಿ 'ಒಟ್ಟಿಗೆ ತರು' ಅನ್ನುವುದೇ ಇದ್ದದ್ದು.

ಹಾಗಾದರೆ ಕನ್ನಡದಲ್ಲಿ ಏನನ್ನಬೇಕು? ಕೂಟ ಚೆನ್ನಾಗಿದೆ, ಆದರೆ ಕ್ರೀಡಾಕೂಟ ಅಂದಕೂಡಲೇ ಮತ್ತೆ ಎರಡು ದಿನದ ಸ್ಪೋರ್ಟ್ಸ್ ಡೇ ಆಗುತ್ತದೆ. ಒಕ್ಕೂಟ ಅಂದರೆ ಹಾಲಿನ ಡೈರಿ ನೆನಪಾಗುತ್ತದೆ. ಸುಮ್ನೆ ಕಾನ್ಫರೆನ್ಸ್ ಅಂತಲೇ ಬರೆಯಿರಿ. ಕ್ರಿಕೆಟ್ಟಿನ ವಿಕೆಟ್ಟನ್ನು ಯಾರೂ ಅನುವಾದ ಮಾಡಿಲ್ಲ, ಏನೂ ಮುಳುಗಿಹೋಗಿಲ್ಲ. ಭಾವ ಆಗ್ನೇಯ ಸಮ್ಮೇಳನ ಮಾಡಿದ್ದ ಸೌತ್‌ಈಸ್ಟರ್ನ್ ಕಾನ್ಫರೆನ್ಸಿನ ಗಿಡ್ಡ ಹೆಸರು ಎಸ್‌ಇಸಿ. ಅದನ್ನು ಎಸ್‌ಇಸಿ ಕಾನ್ಫರೆನ್ಸ್ ಅಂತ ಮಾತ್ರ ಬರೆಯಬೇಡಿ. ಕೊನೆಯ 'ಸಿ'ಯೇ ಕಾನ್ಫರೆನ್ಸ್. ಎಟಿಎಂ ಮಷೀನ್ ಅಂದಹಾಗಾಗುತ್ತದೆ.

ಇದರ ಅವಳಿ ತಪ್ಪು ಇನ್ನೊಂದಿದೆ. ಶೆಡ್ಯೂಲ್ ಕಂಡಲ್ಲೆಲ್ಲ ವೇಳಾಪಟ್ಟಿ ಅಂತ ಬರೆಯುವುದು. ವೇಳಾಪಟ್ಟಿ ಎಷ್ಟು ಗಂಟೆಗೆ ಅಂತ ಹೇಳುತ್ತದೆ. ಇಲ್ಲಿ ಜಗಳ ಇರುವುದು ಯಾರ ಮೇಲೆ ಯಾರು, ಯಾರ ಊರಲ್ಲಿ ಅನ್ನುವುದಕ್ಕೆ. ಒಂದು ತಂಡದ ಎದುರಾಳಿಗಳು ಎಷ್ಟು ಗಟ್ಟಿ ಅನ್ನುವುದನ್ನು ಒಮ್ಮೆ "ವೇಳಾಪಟ್ಟಿಯ ಶಕ್ತಿ" ಅಂತ ಓದಿ ಫೋನ್ ಕೆಳಗಿಟ್ಟುಬಿಟ್ಟೆ.

ಈ ಯಾರ ಮೇಲೆ ಯಾರು ಅನ್ನುವುದರಲ್ಲೇ ಕಾನ್ಫರೆನ್ಸ್ ಪದದ ಅಸಲಿ ಅರ್ಥ ಇದೆ. ಒಂದೇ ಬಳಗದವರು ಒಬ್ಬರ ಮುಖ ಒಬ್ಬರು ನೋಡದಿದ್ದರೆ ಅದು ಯಾವ ಸೀಮೆ ಬಳಗ?

ಜಾರ್ಜಿಯಾ ವಿಶ್ವವಿದ್ಯಾಲಯದ್ದೇ ಕಥೆ ತಗೊಳ್ಳಿ. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 2012ರಲ್ಲಿ ಎಸ್‌ಇಸಿಗೆ ಬಂತು, ಜಾರ್ಜಿಯಾ ಮೊದಲಿಂದಲೂ ಅಲ್ಲೇ ಇದೆ. 2025ರ ಸೀಸನ್ ಮುಗಿಯುವವರೆಗೆ, ಹದಿನಾಲ್ಕು ವರ್ಷದಲ್ಲಿ, ಇವೆರಡೂ ಒಂದೇ ಕಾನ್ಫರೆನ್ಸಿನ ತಂಡಗಳಾಗಿ ಆಡಿದ್ದು ಒಂದೇ ಸಲ, 2019ರಲ್ಲಿ, ಜಾರ್ಜಿಯಾದ ಊರಾದ ಏಥೆನ್ಸ್‌ನಲ್ಲಿ. ಜಾರ್ಜಿಯಾ ತಂಡ ಎ ಅಂಡ್ ಎಂ ಊರಾದ ಕಾಲೇಜ್ ಸ್ಟೇಷನ್‌ಗೆ ಅಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಿರಲಿಲ್ಲ. ನಾಲ್ಕು ವರ್ಷದ ಡಿಗ್ರಿ ಲೆಕ್ಕದಲ್ಲಿ ಮೂರು ತಲೆಮಾರು ವಿದ್ಯಾರ್ಥಿಗಳು ಸೇರಿ, ಓದಿ, ಟೋಪಿ ಎಸೆದು ಹೋದರು.

ಹೀಗೇಕಾಯಿತು ಅನ್ನುವುದು ಬರೀ ಗಣಿತ. ಆಗ ಎಸ್‌ಇಸಿಯಲ್ಲಿ 14 ತಂಡ, ಪೂರ್ವ ಮತ್ತು ಪಶ್ಚಿಮ ಅಂತ ಏಳೇಳರ ಎರಡು ವಿಭಾಗ. ಒಂದು ತಂಡಕ್ಕೆ ಕಾನ್ಫರೆನ್ಸಿನೊಳಗೆ ಎಂಟು ಪಂದ್ಯ. ಆರು ತನ್ನ ವಿಭಾಗದವರ ಜೊತೆ. ಒಂದು ಆಚೆ ವಿಭಾಗದ ಕಾಯಂ ಎದುರಾಳಿ ಜೊತೆ. ಉಳಿಯುವುದು ಒಂದೇ ಒಂದು, ಅದು ಆಚೆಯ ಮಿಕ್ಕ ಆರು ತಂಡಗಳಿಗೆ ಸರದಿಯಲ್ಲಿ. ಅಂದರೆ ಆರು ವರ್ಷಕ್ಕೊಮ್ಮೆ ಭೇಟಿ, ನಿಮ್ಮ ಮೈದಾನಕ್ಕೆ ಹನ್ನೆರಡು ವರ್ಷಕ್ಕೊಮ್ಮೆ. ಪುಷ್ಕರದ ಹಾಗೆ. ಆ ಕಾಯಂ ಪಂದ್ಯವನ್ನು ಕಿತ್ತುಹಾಕಿದ್ದರೆ ಸರದಿ ಬೇಗ ಬರುತ್ತಿತ್ತು. ಆದರೆ ಅಲಬಾಮ ಮತ್ತು ಟೆನೆಸಿ ಬೇರೆಬೇರೆ ವಿಭಾಗದಲ್ಲಿದ್ದವು, ಆಬರ್ನ್ ಮತ್ತು ಜಾರ್ಜಿಯಾ ಕೂಡ. ಆಬರ್ನ್–ಜಾರ್ಜಿಯಾ ಹಣಾಹಣಿ ಶುರುವಾಗಿದ್ದು 1892ರಲ್ಲಿ. ಅದನ್ನು ನಿಲ್ಲಿಸುತ್ತೇವೆ ಅಂದರೆ ಊರು ಸುಮ್ಮನಿರುತ್ತದಾ?

ಇನ್ನೂ ಸೊಗಸಾದದ್ದು ಎಸಿಸಿಯಲ್ಲಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ, ನಡೆಯಿತು. ನಾರ್ತ್ ಕೆರೊಲಿನಾ ಮತ್ತು ವೇಕ್ ಫಾರೆಸ್ಟ್ ಒಂದೇ ರಾಜ್ಯದ ವಿಶ್ವವಿದ್ಯಾಲಯಗಳು, ಕಾರಿನಲ್ಲಿ ಎರಡು ಗಂಟೆಯೂ ಬೇಡ. ಆದರೂ ವಿಭಾಗ ಬೇರೆ, ಸರದಿ ಬರುವುದೇ ಇಲ್ಲ. ಕೊನೆಗೆ ಎರಡೂ ಸೇರಿ ತಾವೇ ಎರಡು ಪಂದ್ಯ ಗೊತ್ತು ಮಾಡಿಕೊಂಡವು, 2019ಕ್ಕೆ ಒಂದು, 2021ಕ್ಕೆ ಒಂದು. ಒಂದೇ ಕಾನ್ಫರೆನ್ಸಿನ ಎರಡು ತಂಡ ಆಡಿದ ಈ ಪಂದ್ಯಗಳು ದಾಖಲೆಯಲ್ಲಿ ಕಾನ್ಫರೆನ್ಸ್ ಹೊರಗಿನ ಪಂದ್ಯಗಳು! 2021ರಲ್ಲಿ ವೇಕ್ ಫಾರೆಸ್ಟ್ 58–55ರಲ್ಲಿ ಸೋತಿತು. ಕಾನ್ಫರೆನ್ಸ್ ಪಟ್ಟಿಯಲ್ಲಿ ಆ ಸೋಲು ಲೆಕ್ಕಕ್ಕೇ ಇಲ್ಲ. ಆ ವರ್ಷ ಅದು ತನ್ನ ವಿಭಾಗವನ್ನು ಗೆದ್ದೂಬಿಟ್ಟಿತು. ಹಾಗಾಗಿ ಕಾನ್ಫರೆನ್ಸ್ ಪಂದ್ಯ ಅಂದರೆ ಒಂದೇ ಬಳಗದವರು ಆಡುವ ಪಂದ್ಯ ಅಂತ ಕಣ್ಣು ಮುಚ್ಚಿ ಬರೆಯಬೇಡಿ. ಬಳಗ ಲೆಕ್ಕಕ್ಕೆ ಹಿಡಿಯುವ ಪಂದ್ಯ, ಅಷ್ಟೇ.

ಈಗ ದೊಡ್ಡ ಕಾನ್ಫರೆನ್ಸುಗಳು ಈ ವಿಭಾಗಗಳನ್ನು ಎತ್ತಿಹಾಕಿವೆ. ಒಳ್ಳೆಯದೇ ಆಯಿತು. ಬಿಗ್ ಟೆನ್‌ನಲ್ಲಿ 2014ರಿಂದ 2023ರವರೆಗೆ ಪೂರ್ವದ ವಿಜೇತರಿಗೂ ಪಶ್ಚಿಮದ ವಿಜೇತರಿಗೂ ಫೈನಲ್ ಇಡುತ್ತಿದ್ದರು. ಹತ್ತಕ್ಕೆ ಹತ್ತೂ ಪೂರ್ವಕ್ಕೆ. ಅದನ್ನು ನೋಡುವುದಕ್ಕೆ ಇನ್ನೊಂದು ಡಿಸೆಂಬರ್ ಯಾಕೆ ಬೇಕು?

ವಿಭಾಗ ಹೋದಮೇಲೆ ಹಂಚುವುದು ಹೇಗೆ? ಎಸ್‌ಇಸಿ 2025ರ ಆಗಸ್ಟಿನಲ್ಲಿ ಘೋಷಿಸಿದ ಲೆಕ್ಕ ನನಗೆ ಇಷ್ಟವಾಯಿತು. 2026ರಿಂದ ಒಂಬತ್ತು ಪಂದ್ಯ. ಈಗ 16 ತಂಡ, ಅಂದರೆ ಪ್ರತಿಯೊಬ್ಬರಿಗೂ 15 ಎದುರಾಳಿ. ಮೂವರು ಕಾಯಂ, ಪ್ರತಿ ವರ್ಷವೂ ಅವರ ಜೊತೆ ಪಂದ್ಯ. ಉಳಿದ ಹನ್ನೆರಡರಲ್ಲಿ ಈ ವರ್ಷ ಆರು, ಮುಂದಿನ ವರ್ಷ ಆರು. ಎರಡು ವರ್ಷದಲ್ಲಿ ಎಲ್ಲರೂ ಎಲ್ಲರನ್ನೂ ಮುಟ್ಟುತ್ತಾರೆ, ನಾಲ್ಕು ವರ್ಷದಲ್ಲಿ ಎಲ್ಲರ ಊರಿಗೂ ಹೋಗಿ ಬರುತ್ತಾರೆ. ಡಿಗ್ರಿ ಮುಗಿಸುವ ಹುಡುಗ ತನ್ನ ಮೈದಾನದಲ್ಲಿ ಎಲ್ಲರನ್ನೂ ಒಮ್ಮೆ ನೋಡಿರುತ್ತಾನೆ. ಬಳಗ ಅಂದರೆ ಇಷ್ಟಾದರೂ ಬೇಡವಾ?

ಎಂಟರಿಂದ ಒಂಬತ್ತಕ್ಕೆ ಹೋಗಲು ಇಷ್ಟು ವರ್ಷ ಯಾಕೆ ಹಿಂಜರಿದರು ಅಂದರೆ, ಒಳಗೇ ಆಡುವ ಪ್ರತಿ ಪಂದ್ಯದಲ್ಲೂ ಬಳಗದ ಒಬ್ಬರು ಸೋಲಲೇಬೇಕು. 16 ತಂಡಕ್ಕೆ ಒಂದೊಂದು ಪಂದ್ಯ ಹೆಚ್ಚಿಸಿದರೆ ಎಂಟು ಸೋಲು ಗ್ಯಾರಂಟಿ. ಅದರ ಬದಲು ಯಾವುದೋ ಸಣ್ಣ ತಂಡಕ್ಕೆ ದುಡ್ಡು ಕೊಟ್ಟು ಕರೆಸಿ, ತವರಿನಲ್ಲಿ ಬಡಿದು ಕಳಿಸುವುದು ಸುಲಭ. ಹಾಗೆ ಕರೆಸಿಕೊಂಡವರು ತಿರುಗಿ ಬಾರಿಸಿದ್ದೂ ಉಂಟು. 2007ರ ಸೆಪ್ಟೆಂಬರ್ 1ರಂದು ಅಪ್ಪಲೇಚಿಯನ್ ಸ್ಟೇಟ್ ಮಿಶಿಗನ್‌ಗೆ ಅವರ ಮನೆಯಲ್ಲೇ 34–32ರ ರುಚಿ ತೋರಿಸಿತು. ಆವತ್ತು ಮಿಶಿಗನ್ ದೇಶಕ್ಕೆ ಐದನೆಯ ರ‍್ಯಾಂಕಿನ ತಂಡ.

ಎಸ್‌ಇಸಿ ಲೆಕ್ಕದಲ್ಲಿ ನನಗೊಂದು ತಕರಾರಿದೆ. ಎಲ್ಲರಿಗೂ ಮೂರೇ ಕಾಯಂ ಎದುರಾಳಿ ಯಾಕೆ? ಹಗೆತನವನ್ನು ರೇಷನ್ ಅಕ್ಕಿ ಹಾಗೆ ತಲೆಗಿಷ್ಟು ಅಂತ ಹಂಚಲಾಗುತ್ತದಾ? ಬಿಗ್ ಟೆನ್ ಇಲ್ಲಿ ಜಾಣತನ ತೋರಿಸಿದೆ. ಅಯೋವಾಗೆ ಮೂವರು ಹಳೇ ಎದುರಾಳಿಗಳಿದ್ದಾರೆ: ಮಿನಸೋಟ, ನೆಬ್ರಾಸ್ಕಾ, ವಿಸ್ಕಾನ್ಸಿನ್. ಮೂರೂ ಪಂದ್ಯ ಪ್ರತಿ ವರ್ಷ ಖಾಯಂ. ಪೆನ್ ಸ್ಟೇಟ್‌ಗೆ ಒಂದೂ ಇಲ್ಲ, ಯಾಕೆಂದರೆ ಬಿಡಲೇಬಾರದು ಅನ್ನುವಂಥ ಎದುರಾಳಿ ಅದಕ್ಕೆ ಆ ಬಳಗದಲ್ಲಿಲ್ಲ. ಇದ್ದವರಿಗೆ ಇದ್ದಷ್ಟು. ಆದರೆ ಇದೇ ಬಿಗ್ ಟೆನ್ ಈಗ 18 ತಂಡಗಳ ಬಳಗ, ನ್ಯೂಜೆರ್ಸಿಯ ರಟ್ಗರ್ಸ್‌ನಿಂದ ಲಾಸ್ ಏಂಜಲೀಸ್‌ವರೆಗೆ. ಕಾಶ್ಮೀರ–ಕನ್ಯಾಕುಮಾರಿಗಿಂತ ಜಾಸ್ತಿ ದೂರ. ಅಕ್ಕಪಕ್ಕದವರು ಹೋಟೆಲಿನಲ್ಲಿ ಕೂತು ಶುರು ಮಾಡಿದ್ದು ಇದನ್ನೇ ಅಲ್ವಾ?

ಬಳಗ ಉಬ್ಬಿದಾಗ ಏನಾಗುತ್ತದೆ ಅನ್ನುವುದಕ್ಕೆ 2025ರ ಎಸಿಸಿಯನ್ನೇ ನೋಡಿ. 17 ತಂಡ, ಎಂಟೆಂಟು ಪಂದ್ಯ. ವರ್ಜೀನಿಯಾ 7–1ರಿಂದ, ಅಂದರೆ ಏಳು ಗೆಲುವು ಒಂದು ಸೋಲಿನಿಂದ, ಮೊದಲು. ಎರಡನೇ ಜಾಗಕ್ಕೆ ಐದು ತಂಡ 6–2ರಲ್ಲಿ ಕೂತವು. ಅದರಲ್ಲಿ ಮಯಾಮಿ ಮತ್ತು ಡ್ಯೂಕ್ ಪರಸ್ಪರ ಆಡಿಯೇ ಇರಲಿಲ್ಲ. ಹಾಗಾಗಿ ಯಾರ ಎದುರಾಳಿಗಳು ಜಾಸ್ತಿ ಗೆದ್ದಿದ್ದಾರೆ ಅಂತ ಕೂಡಿ ಕಳೆದು ಡ್ಯೂಕನ್ನು ಫೈನಲಿಗೆ ಕಳಿಸಿದರು. ಒಟ್ಟು 7–5 ಇದ್ದ ಡ್ಯೂಕ್ ಹೋಗಿ ವರ್ಜೀನಿಯಾವನ್ನು ಸೋಲಿಸಿ ಚಾಂಪಿಯನ್ ಆಯಿತು. ಆದರೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ರಾಷ್ಟ್ರೀಯ ಪ್ಲೇಆಫಿಗೆ ಹೋದದ್ದು ಮಯಾಮಿ. ಕಪ್ ಒಬ್ಬರಿಗೆ, ಪ್ರಸಾದ ಇನ್ನೊಬ್ಬರಿಗೆ.

ಎಂಟು ಸಾಲದು, ಒಂಬತ್ತು ಮಾಡೋಣ ಅಂತ ಎಸಿಸಿಯೂ ಹೊರಟಿದೆ. ಕಾಗದದ ಮೇಲೆ ಗುಣಿಸಿ ನೋಡಿ. 17 ತಂಡಕ್ಕೆ ಒಂಬತ್ತು ಅಂದರೆ 153. ಒಂದು ಪಂದ್ಯಕ್ಕೆ ಇಬ್ಬರು ಬೇಕು, 153 ಬೆಸ ಸಂಖ್ಯೆ. ಎಲ್ಲರಿಗೂ ಒಂಬತ್ತು ಕೊಡಲು ಯಾವ ಕಂಪ್ಯೂಟರಿಗೂ ಆಗದು, ಒಬ್ಬರಾದರೂ ಎಂಟಕ್ಕೇ ನಿಲ್ಲಬೇಕು.

ಎಲ್ಲರೂ ಎಲ್ಲರ ಜೊತೆ ಆಡುವ ಕಾನ್ಫರೆನ್ಸ್ ಇತ್ತು. ಬಿಗ್ 12ರಲ್ಲಿ ಹತ್ತೇ ತಂಡ ಇದ್ದಾಗ ತಲಾ ಒಂಬತ್ತು ಪಂದ್ಯ, ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಹೆಸರಲ್ಲಿ ಹನ್ನೆರಡು, ಮೈದಾನದಲ್ಲಿ ಹತ್ತು. ಈ ಬಳಗಗಳಿಗೆ ಎಣಿಸಲು ಬರುವುದಿಲ್ಲ ಅನ್ನುವುದನ್ನು ಒಪ್ಪಿಕೊಂಡುಬಿಡಿ. ಪ್ಯಾಕ್-12 ಅನ್ನು ಉಳಿದವರೆಲ್ಲ ಬಿಟ್ಟುಹೋಗಿ 2024ರಲ್ಲಿ ಓರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. 2025ರಲ್ಲಿ ಅವರಿಬ್ಬರೂ ಎರಡು ಸಲ ಆಡಿದರು. ಒಂದು ಇವರ ಊರಲ್ಲಿ, ಒಂದು ಅವರ ಊರಲ್ಲಿ. ತಲಾ ಒಂದು ಗೆದ್ದರು.