ಕ್ಲಿಂಚ್ ಗಂಟು

ಗಾಳದ ಕಣ್ಣಿಗೆ ನೈಲಾನ್ ದಾರ ಕಟ್ಟುವ ಗಂಟುಗಳಲ್ಲಿ ತುಂಬ ಬಳಕೆಯಲ್ಲಿರುವುದು ಇದು. ನೈಲಾನ್ ನುಣುಪು, ಬಗ್ಗಿಸಿದರೂ ಮತ್ತೆ ನೆಟ್ಟಗಾಗಲು ನೋಡುತ್ತದೆ. ಹಾಗಾಗಿ ಹತ್ತಿ ಹುರಿಗೆ ಹಾಕುವ ಮಾಮೂಲಿ ಗಂಟು ಇದರಲ್ಲಿ ನಿಲ್ಲುವುದಿಲ್ಲ. ಕ್ಲಿಂಚ್‌ನಲ್ಲಿ ದಾರದ ತುದಿ ದಾರದ ಮೈಗೇ ಹಲವು ಸಲ ಸುತ್ತಿಕೊಳ್ಳುತ್ತದೆ. ಎಳೆತ ಬಿದ್ದಷ್ಟೂ ಸುತ್ತುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ.

ಕಟ್ಟುವ ಮೊದಲು ಗಾಳದ ಕಣ್ಣು ನೋಡಿ. ಅಗ್ಗದ ಗಾಳಗಳಲ್ಲಿ ತಂತಿ ಬಾಗಿ ಸೇರುವಲ್ಲಿ ಸಣ್ಣ ಸಂದು ಉಳಿದಿರುತ್ತದೆ. ದಾರ ಅದರೊಳಗೆ ಜಾರಿದರೆ ಎಂಥ ಗಂಟೂ ಕೆಲಸಕ್ಕೆ ಬಾರದು, ಸಂದಿನ ಅಂಚೇ ಕತ್ತರಿಸುತ್ತದೆ.

ಕಣ್ಣಿನಲ್ಲಿ ದಾರ ತೂರಿಸಿ 15 ಸೆಂ.ಮೀ.ನಷ್ಟು ತುದಿ ಬಿಡಿ. ಜಿಪುಣತನ ಮಾಡಿ ಮೋಟು ತುದಿ ಬಿಟ್ಟರೆ ಕೊನೆಯಲ್ಲಿ ಬೆರಳಿಗೆ ಸಿಗುವುದಿಲ್ಲ. ತುದಿಯನ್ನು ದಾರದ ಮೈಗೆ ಐದಾರು ಸುತ್ತು ಹಾಕಿ. ಈಗ ಕಣ್ಣಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕುಣಿಕೆ ಕಾಣುತ್ತದೆ. ತುದಿಯನ್ನು ಹಿಂದಕ್ಕೆ ತಂದು ಅದರಲ್ಲಿ ತೂರಿಸಿ. ಹಾಗೆ ಹಿಂತಿರುಗುವಾಗ ತುದಿಯೇ ಒಂದು ದೊಡ್ಡ ಕುಣಿಕೆ ಮಾಡಿರುತ್ತದೆ, ಅದರೊಳಗೂ ಒಮ್ಮೆ ತೂರಿಸಿ. ಈ ಎರಡನೆಯ ತೂರಿಕೆ ಇದ್ದರೆ ಅದು ಸುಧಾರಿತ ಕ್ಲಿಂಚ್. ಜಾರುವುದನ್ನು ತಡೆಯುವುದು ಅದೇ, ಬಿಡಬೇಡಿ.

ಸುತ್ತುವುದು ಸುಲಭ, ಕೆಡುವುದು ಬಿಗಿಯುವಾಗ. ಒಣ ನೈಲಾನ್ ಉಜ್ಜಿದರೆ ಬಿಸಿಯಾಗಿ ಅಲ್ಲೇ ಸವೆಯುತ್ತದೆ. ಗಂಟಿಗೆ ನೀರೋ ಉಗುಳೋ ಹಚ್ಚಿ, ಗಾಳವನ್ನು ಗಟ್ಟಿಯಾಗಿ ಹಿಡಿದು ಉದ್ದ ದಾರವನ್ನು ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಝಾಡಿಸಬೇಡಿ. ಸುತ್ತುಗಳು ಪಕ್ಕಪಕ್ಕ ಸಾಲಾಗಿ ಕೂರಬೇಕು. ಒಂದರ ಮೇಲೊಂದು ಹತ್ತಿದ್ದರೆ ಮೇಲಿನದು ಕೆಳಗಿನದನ್ನು ಕೊಯ್ಯುತ್ತದೆ. ಸರಿಪಡಿಸಲು ಹೋಗದೆ ಕತ್ತರಿಸಿ ಹೊಸದಾಗಿ ಕಟ್ಟುವುದೇ ವಾಸಿ. ಕೊನೆಗೆ ತುದಿಯನ್ನು 2–3 ಮಿ.ಮೀ. ಬಿಟ್ಟು ಕತ್ತರಿಸಿ.

ಸುತ್ತಿನ ಲೆಕ್ಕ ದಾರದ ದಪ್ಪಕ್ಕೆ ತಕ್ಕಂತೆ. ಕೆರೆಯ ಜಿಲೇಬಿ ಮೀನಿಗೆ ಸಾಕಾಗುವ 0.20–0.25 ಮಿ.ಮೀ. ದಾರಕ್ಕೆ ಆರು ಸುತ್ತು, ಕಾಟ್ಲಾಕ್ಕೆಂದು 0.40 ಹಾಕಿದರೆ ನಾಲ್ಕೈದು. ಅದಕ್ಕಿಂತ ತೀರಾ ದಪ್ಪವಾದರೆ ಸುತ್ತುಗಳು ಸರಿಯಾಗಿ ಕೂರುವುದು ಕಷ್ಟ. ನೇಯ್ದ ದಾರಕ್ಕೂ (ಬ್ರೇಡ್) ಇದು ಹೇಳಿ ಮಾಡಿಸಿದ್ದಲ್ಲ, ಜಾರುತ್ತದೆ. ಅದಕ್ಕೆ ಪಾಲೊಮಾರ್ ಗಂಟು ಮೇಲು: ದಾರವನ್ನು ಜೋಡಿ ಮಡಚಿ ಕಣ್ಣಿನಲ್ಲಿ ತೂರಿಸಿ, ಸಡಿಲವಾಗಿ ಒಂದು ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಇಡೀ ಗಾಳವನ್ನು ದಾಟಿಸಿ, ಒದ್ದೆ ಮಾಡಿ ಬಿಗಿಯುವುದು.

ಮೀನು ಗಾಳ ಸಮೇತ ಹೋದರೆ, ವಾಪಸು ಬಂದ ದಾರದ ತುದಿ ನೋಡಿ. ಹಂದಿ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿದೆ: ಸುತ್ತು ಕಡಿಮೆಯಾಗಿತ್ತು ಅಥವಾ ಬಿಗಿ ಸಾಲದಾಗಿತ್ತು. ಸುರುಳಿಯಿಲ್ಲದೆ ಗಂಟಿನ ಬುಡದಲ್ಲೇ ತುಂಡಾಗಿದ್ದರೆ ಒಣಗಿದ್ದಾಗ ಬಿಗಿದಿರಬಹುದು, ಇಲ್ಲವೇ ಕಣ್ಣಿನ ಸಂದು ಕೊಯ್ದಿರಬಹುದು. ತುದಿ ಒರಟಾಗಿ, ಮೇಲಿನ ಒಂದಷ್ಟು ದಾರವೂ ತರಿತರಿಯಾಗಿದ್ದರೆ ಗಂಟಿನ ತಪ್ಪಲ್ಲ, ದಾರ ಕಲ್ಲಿಗೆ ಉಜ್ಜಿದೆ. ತರಿಯಿರುವಷ್ಟನ್ನು ಕತ್ತರಿಸಿ ಎಸೆದು ಹೊಸ ಗಾಳ ಕಟ್ಟಿ.